ಯುವ ಅಂಗಳ: ಚೆಂಡು ನಿಮ್ಮ ಕಾಲಲ್ಲಿ ಇಲ್ಲದಾಗ



ನಮ್ಮ ಅಂಗಳದಲ್ಲಿ ಈ ಸಲ ಫುಟ್‌ಬಾಲಿನ ಮಾತು. ಕನ್ನಡದಲ್ಲಿ ಇದಕ್ಕೆ ಕಾಲ್ಚೆಂಡಾಟ ಎಂಬ ಚಂದದ ಹೆಸರಿದೆ. ನಿಮ್ಮಲ್ಲಿ ಹಲವರು ಶನಿವಾರ, ಭಾನುವಾರ ರಾತ್ರಿ ಟಿ.ವಿ. ಮುಂದೆ ಕುಳಿತು ಇಂಗ್ಲೆಂಡಿನ, ಸ್ಪೇನಿನ ತಂಡಗಳ ಆಟ ನೋಡುತ್ತೀರಿ. ಅಲ್ಲಿಯ ಆಟಗಾರರ ಹೆಸರು, ಅವರ ಅಂಗಿಯ ನಂಬರು ಎಲ್ಲವೂ ನಿಮಗೆ ಬಾಯಿಪಾಠ. ಆದರೆ ಊರಿನಿಂದ ಬಂದ ಅಜ್ಜ 'ಆ ಆಫ್‌ಸೈಡ್ ಅಂದ್ರೆ ಏನಪ್ಪಾ?' ಎಂದು ಕೇಳಿದರೆ ತಡವರಿಸುವವರೂ ನಿಮ್ಮಲ್ಲಿದ್ದೀರಿ. ಇನ್ನು ಕೆಲವರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಕಣ್ಣಿಗೆ ಬೀಳುವುದಿಲ್ಲ. ಇಬ್ಬರಿಗೂ ಅನುಕೂಲವಾಗಲೆಂದು ಮೂಲದಿಂದಲೇ ಶುರು ಮಾಡೋಣ.

ಮೊದಲು ಒಂದು ಸಣ್ಣ ಲೆಕ್ಕ. ಆಟದ ಅವಧಿ 90 ನಿಮಿಷ. ಮೈದಾನದಲ್ಲಿ ಎರಡೂ ಕಡೆ ಸೇರಿ 22 ಜನ. ಚೆಂಡು ಮಾತ್ರ ಒಂದೇ. ಪ್ರಸಾದ ಹಂಚಿದ ಹಾಗೆ ಸಮನಾಗಿ ಹಂಚಿದರೂ ಒಬ್ಬೊಬ್ಬರ ಪಾಲಿಗೆ ಬರುವುದು ನಾಲ್ಕು ನಿಮಿಷ, ಮೇಲೆ ಕೆಲವು ಸೆಕೆಂಡು. ಚೆಂಡು ಗಾಳಿಯಲ್ಲಿರುವ ಹೊತ್ತು, ಗೆರೆಯಾಚೆ ಹೋಗಿರುವ ಹೊತ್ತು ಕಳೆದರೆ ಅಷ್ಟೂ ಸಿಗುವುದಿಲ್ಲ. ಹಾಗಾದರೆ ಉಳಿದ 86 ನಿಮಿಷ ಆಟಗಾರ ಏನು ಮಾಡಬೇಕು? ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಮುಂದೆ ಓದಿ. ಆಟದ ಗುಟ್ಟೆಲ್ಲ ಅದರಲ್ಲೇ ಇದೆ.

ಮೈದಾನ ಮತ್ತು ಚೆಂಡು

ಇಂದು ನಾವು ನೋಡುವ ಫುಟ್‌ಬಾಲಿಗೆ ಲಿಖಿತ ನಿಯಮಗಳು ಬಂದದ್ದು 1863ರಲ್ಲಿ, ಲಂಡನ್ನಿನಲ್ಲಿ. ಅಲ್ಲಿಯ ಕೆಲವು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿಕೊಂಡು, ಕೈಯಲ್ಲಿ ಚೆಂಡು ಹಿಡಿದು ಓಡುವ ರಗ್ಬಿಯಿಂದ ತಮ್ಮ ಆಟವನ್ನು ಬೇರೆ ಮಾಡಿಕೊಂಡವು. ಅಂತರರಾಷ್ಟ್ರೀಯ ಸಂಸ್ಥೆ ಫಿಫಾ ಹುಟ್ಟಿದ್ದು 1904ರಲ್ಲಿ, ಪ್ಯಾರಿಸ್‌ನಲ್ಲಿ. ಈಗ ಇರುವುದು ಒಟ್ಟು 17 ನಿಯಮಗಳು, ಅಷ್ಟೇ.

ಮೈದಾನದ ಉದ್ದ 90ರಿಂದ 120 ಮೀಟರು, ಅಗಲ 45ರಿಂದ 90 ಮೀಟರು ಇರಬಹುದು. ಎರಡು ತುದಿಗಳಲ್ಲಿ ಗೋಲು: ಕಂಬದಿಂದ ಕಂಬಕ್ಕೆ 7.32 ಮೀಟರು, ನೆಲದಿಂದ ಅಡ್ಡಪಟ್ಟಿಗೆ 2.44 ಮೀಟರು. ಈ ವಿಚಿತ್ರ ಅಂಕಿಗಳು ಹಳೆಯ ಲೆಕ್ಕದಲ್ಲಿ ಸರಳ: 8 ಗಜ ಮತ್ತು 8 ಅಡಿ. ದೊಡ್ಡವರ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರು, ತೂಕ 410ರಿಂದ 450 ಗ್ರಾಂ. ಅಂಗಡಿಯಲ್ಲಿ ಇದನ್ನು ಐದನೆಯ ನಂಬರಿನ ಚೆಂಡು ಎನ್ನುತ್ತಾರೆ. ಎಂಟು–ಹನ್ನೆರಡರ ವಯಸ್ಸಿನ ತಮ್ಮ ತಂಗಿಯರಿಗೆ ಕೊಡಿಸುವುದಾದರೆ ನಾಲ್ಕನೆಯ ನಂಬರು ಕೇಳಿ.

ಒಂದೊಂದು ತಂಡದಲ್ಲಿ 11 ಜನ, ಅವರಲ್ಲಿ ಒಬ್ಬ ಗೋಲ್‌ಕೀಪರ್. 45 ನಿಮಿಷದ ಎರಡು ಭಾಗ, ನಡುವೆ ಹೆಚ್ಚೆಂದರೆ 15 ನಿಮಿಷ ವಿರಾಮ. ಗಾಯ, ಬದಲಾವಣೆ ಇತ್ಯಾದಿಗಳಲ್ಲಿ ಕಳೆದುಹೋದ ಸಮಯವನ್ನು ರೆಫರಿ ಪ್ರತಿ ಭಾಗದ ಕೊನೆಗೆ ಸೇರಿಸುತ್ತಾನೆ. ಚೆಂಡು ಪೂರ್ತಿಯಾಗಿ ಗೋಲಿನ ಗೆರೆ ದಾಟಿದರೆ ಮಾತ್ರ ಗೋಲು. ಮುಕ್ಕಾಲು ಭಾಗ ದಾಟಿ ಗೆರೆಯ ಮೇಲೆ ಕೂದಲೆಳೆಯಷ್ಟು ಉಳಿದರೂ ಗೋಲಲ್ಲ.

ಕೈ, ಗೆರೆ ಮತ್ತು ಸೀಟಿ

ಕಾಲು, ತೊಡೆ, ಎದೆ, ತಲೆ ಇವುಗಳಿಂದ ಚೆಂಡನ್ನು ಆಡಬಹುದು, ಕೈಯಿಂದ ಕೂಡದು. ಗೋಲ್‌ಕೀಪರ್‌ಗೆ ಕೈ ಬಳಸುವ ಹಕ್ಕಿದೆ. ಆದರೆ ಅದು ತನ್ನ ಗೋಲಿನ ಮುಂದಿರುವ ಪೆನಾಲ್ಟಿ ಪ್ರದೇಶದ ಒಳಗೆ ಮಾತ್ರ. ಈ ಚೌಕ ಗೋಲಿನ ಗೆರೆಯಿಂದ 16.5 ಮೀಟರಿನಷ್ಟು ಒಳಕ್ಕೆ ಚಾಚಿರುತ್ತದೆ. ತನ್ನ ತಂಡದವನೇ ಬೇಕೆಂದು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಎಂಬ ನಿಯಮ 1992ರಲ್ಲಿ ಬಂತು. ಚೆಂಡನ್ನು ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೈಯಲ್ಲೇ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ಎಂಬುದು 2025ರ ಹೊಸ ನಿಯಮ. ಎರಡರ ಉದ್ದೇಶವೂ ಒಂದೇ: ಕಾಲಹರಣ ಬೇಡ, ಆಟ ನಡೆಯಲಿ.

ಚೆಂಡು ಪಕ್ಕದ ಗೆರೆ ದಾಟಿದರೆ ಥ್ರೋ-ಇನ್. ಎರಡೂ ಕೈಯಲ್ಲಿ ಚೆಂಡು ಹಿಡಿದು, ತಲೆಯ ಹಿಂದಿನಿಂದ ತಲೆಯ ಮೇಲಾಗಿ, ಎರಡೂ ಪಾದ ನೆಲದಲ್ಲಿಟ್ಟು ಎಸೆಯಬೇಕು. ದಾಳಿ ಮಾಡುವವರು ಕೊನೆಯದಾಗಿ ಮುಟ್ಟಿ ಚೆಂಡು ಗೋಲಿನ ಪಕ್ಕದಿಂದ ಹೊರಗೆ ಹೋದರೆ ಗೋಲ್ ಕಿಕ್, ರಕ್ಷಣೆಯವರು ಮುಟ್ಟಿ ಹೋದರೆ ಮೂಲೆಯಿಂದ ಕಾರ್ನರ್ ಕಿಕ್.

ಎದುರಾಳಿಯನ್ನು ಒದೆಯುವುದು, ಕಾಲು ಕೊಟ್ಟು ಬೀಳಿಸುವುದು, ತಳ್ಳುವುದು, ಅಂಗಿ ಹಿಡಿದೆಳೆಯುವುದು ಇವೆಲ್ಲ ಫೌಲ್. ಅದಕ್ಕೆ ಫ್ರೀ ಕಿಕ್ ಸಿಗುತ್ತದೆ, ಎದುರಾಳಿಗಳು 9.15 ಮೀಟರು ದೂರ ನಿಲ್ಲಬೇಕು. ಇಂಥದೇ ಫೌಲನ್ನು ರಕ್ಷಣೆಯವರು ತಮ್ಮ ಪೆನಾಲ್ಟಿ ಪ್ರದೇಶದ ಒಳಗೆ ಮಾಡಿದರೆ ಪೆನಾಲ್ಟಿ: ಗೋಲಿನಿಂದ 11 ಮೀಟರು ದೂರ ಚೆಂಡು ಇಟ್ಟು, ಕೀಪರ್ ಒಬ್ಬನ ಎದುರು ಒದೆತ. ತಪ್ಪು ಕೆಟ್ಟದಾಗಿದ್ದರೆ ಹಳದಿ ಕಾರ್ಡು, ಅತಿರೇಕವಾದರೆ ಕೆಂಪು. ಎರಡು ಹಳದಿ ಸೇರಿದರೂ ಕೆಂಪೇ. ಹೊರಹೋದವನ ಬದಲು ಇನ್ನೊಬ್ಬ ಬರುವಂತಿಲ್ಲ, ಉಳಿದ ಹತ್ತು ಜನರೇ ಅವನ ಪಾಲಿನ ಓಟವನ್ನೂ ಓಡಬೇಕು. ಈ ಕಾರ್ಡುಗಳು ವಿಶ್ವಕಪ್ಪಿನಲ್ಲಿ ಮೊದಲು ಕಾಣಿಸಿದ್ದು 1970ರಲ್ಲಿ. ಮಾತು ಬಾರದ ದೇಶದವರಿಗೂ ರೆಫರಿಯ ತೀರ್ಪು ಅರ್ಥವಾಗಲೆಂದು ಬಂದ ಉಪಾಯ ಅದು.

ಆಫ್‌ಸೈಡ್ ಎಂಬ ಒಗಟು

ಈಗ ಅಜ್ಜನ ಪ್ರಶ್ನೆಗೆ ಬರೋಣ. ಮದುವೆಮನೆಯಲ್ಲಿ ಪಂಕ್ತಿಗೆ ಕರೆಯುವ ಮೊದಲೇ ಎಲೆಯ ಮುಂದೆ ಹೋಗಿ ಕೂತುಬಿಡುವವರನ್ನು ನೋಡಿದ್ದೀರಲ್ಲ? ಅಂಥವರಿಗೆ ಬಡಿಸುವುದಿಲ್ಲ ಎಂಬ ನಿಯಮವೇ ಆಫ್‌ಸೈಡ್.

ಸರಿಯಾಗಿ ಹೇಳಬೇಕೆಂದರೆ ಹೀಗೆ. ನಿಮ್ಮ ಜೊತೆಗಾರ ನಿಮಗೆ ಚೆಂಡು ಒದೆಯುವ ಕ್ಷಣವನ್ನು ಕಲ್ಪಿಸಿಕೊಳ್ಳಿ. ಆ ಕ್ಷಣದಲ್ಲಿ ನೀವು ಎದುರಾಳಿಯ ಅರ್ಧದಲ್ಲಿದ್ದು, ಚೆಂಡಿಗಿಂತಲೂ ಮುಂದೆ, ಎದುರಾಳಿಗಳ ಪೈಕಿ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ಇದ್ದರೆ ಅದು ಆಫ್‌ಸೈಡ್ ಸ್ಥಾನ. ಸಾಮಾನ್ಯವಾಗಿ ಕೊನೆಯವನು ಕೀಪರ್ ಆಗಿರುತ್ತಾನೆ. ಆದ್ದರಿಂದ ನೋಡಬೇಕಾದದ್ದು ಅವನ ಮುಂದಿನ ರಕ್ಷಕನನ್ನು. ಅವನಿಗೆ ಸಮನಾಗಿ ನಿಂತಿದ್ದರೆ ತಪ್ಪಿಲ್ಲ. ಆ ಸ್ಥಾನದಲ್ಲಿ ಸುಮ್ಮನೆ ಇದ್ದರೂ ತಪ್ಪಿಲ್ಲ. ಅಲ್ಲಿಂದ ಆಟದಲ್ಲಿ ಕೈಹಾಕಿದರೆ, ಅಲ್ಲ, ಕಾಲು ಹಾಕಿದರೆ ಮಾತ್ರ ತಪ್ಪು. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ಗಳಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ.

ಗಮನಿಸಿ, ಇಲ್ಲಿ ಮುಖ್ಯವಾದದ್ದು ಚೆಂಡು ನಿಮ್ಮನ್ನು ತಲುಪುವ ಕ್ಷಣವಲ್ಲ, ಗೆಳೆಯನ ಕಾಲು ಬಿಡುವ ಕ್ಷಣ. ಎಂದರೆ ಚೆಂಡು ನಿಮ್ಮ ಹತ್ತಿರ ಇಲ್ಲದಾಗ ನೀವು ಎಲ್ಲಿದ್ದಿರಿ ಎಂಬುದರ ಮೇಲೆಯೇ ನಿಮ್ಮ ಗೋಲು ಗೋಲಾಗುವುದು, ಇಲ್ಲವೇ ವ್ಯರ್ಥವಾಗುವುದು.

ಉಳಿದ 86 ನಿಮಿಷ

ಜೇಬಿನಲ್ಲಿಟ್ಟ ಪ್ರಶ್ನೆಯನ್ನು ಈಗ ಹೊರಗೆ ತೆಗೆಯಿರಿ. ಹೊಸದಾಗಿ ಆಡುವ ಮಕ್ಕಳನ್ನು ನೋಡಿ: ಬೆಲ್ಲದ ಅಚ್ಚಿಗೆ ಇರುವೆ ಮುತ್ತಿದ ಹಾಗೆ ಹತ್ತೂ ಜನ ಚೆಂಡಿನ ಸುತ್ತಲೇ ಇರುತ್ತಾರೆ. ಮೈದಾನದ ಉಳಿದ ಭಾಗವೆಲ್ಲ ಖಾಲಿ. ಬಲ್ಲವರು ಆ ಖಾಲಿ ಜಾಗವನ್ನೇ ಹುಡುಕುತ್ತಾರೆ. ನನ್ನ ಗೆಳೆಯನಿಗೆ ಚೆಂಡು ಸಿಕ್ಕಿದೆ, ಅವನ ಮೇಲೆ ಇಬ್ಬರು ಬೀಳುತ್ತಿದ್ದಾರೆ, ಅವನು ಯಾರಿಗೆ ಕೊಡಬೇಕು? ಆಗ ಅವನ ಕಣ್ಣಿಗೆ ಕಾಣುವ, ಅವನ ಒದೆತಕ್ಕೆ ಎಟಕುವ ಜಾಗಕ್ಕೆ ನೀವು ಓಡಿ ಬಂದಿರಬೇಕು. ಅವನು ನಿಮಗೆ ಕೊಡದೇ ಹೋಗಬಹುದು. ಆದರೂ ನಿಮ್ಮ ಹಿಂದೆ ಒಬ್ಬ ರಕ್ಷಕ ಓಡಿಬಂದನಲ್ಲ, ಅಷ್ಟರಿಂದಲೇ ಇನ್ನೊಬ್ಬನಿಗೆ ದಾರಿಯಾಯಿತು. ಅಂಕಪಟ್ಟಿಯಲ್ಲಿ ಬರೆಯದ ಇಂಥ ಓಟಗಳೇ ಪಂದ್ಯ ಗೆಲ್ಲಿಸುವುದು.

ಇದನ್ನು ಅಚ್ಚುಕಟ್ಟು ಮಾಡಲೆಂದೇ ಸ್ಥಾನಗಳಿವೆ: ಕೀಪರ್, ರಕ್ಷಕರು, ನಡುಮೈದಾನದವರು, ಮುನ್ನುಗ್ಗುವವರು. 4-4-2 ಎಂದರೆ ನಾಲ್ವರು ರಕ್ಷಕರು, ನಾಲ್ವರು ನಡುವಿನವರು, ಇಬ್ಬರು ಮುಂದಿನವರು. 4-3-3 ಎಂದರೆ ಏನೆಂದು ನೀವೇ ಹೇಳಬಲ್ಲಿರಿ. ಕೀಪರ್ ಹೆಸರು ಈ ಲೆಕ್ಕದಲ್ಲಿ ಬರುವುದಿಲ್ಲ, ಆದರೆ ಅವನಿಲ್ಲದೆ ಲೆಕ್ಕವೇ ಇಲ್ಲ.

ಪುಣೆಯೋ ಬೆಂಗಳೂರೋ?

ಇಷ್ಟು ಪಾಠ ತಿಳಿದ ಮೇಲೆ ಒಂದು ನಿಜವಾದ ಪಂದ್ಯವನ್ನು ನೋಡೋಣ. ನಮ್ಮ ಪುಣೆಯ ಕನ್ನಡಿಗರಿಗೆ ಧರ್ಮಸಂಕಟ ತಂದಿಟ್ಟ ಪಂದ್ಯ ಅದು. 2018ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗಿನ ಸೆಮಿಫೈನಲ್‌ನಲ್ಲಿ ಎದುರಾದವರು ಎಫ್‌ಸಿ ಪುಣೆ ಸಿಟಿ ಮತ್ತು ಬೆಂಗಳೂರು ಎಫ್‌ಸಿ. ಒಂದು ಪಂದ್ಯ ಇಲ್ಲಿ, ಇನ್ನೊಂದು ಅಲ್ಲಿ, ಎರಡರ ಗೋಲುಗಳನ್ನು ಕೂಡಿಸಿ ತೀರ್ಮಾನ. ಮಾರ್ಚ್ 7ರಂದು ಬಾಲೇವಾಡಿಯಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಮಾರ್ಚ್ 11ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ 15ನೆಯ ನಿಮಿಷದಲ್ಲಿ ತಲೆಯಿಂದ ಒಂದು ಗೋಲು, ಎರಡನೆಯ ಭಾಗದಲ್ಲಿ ಪೆನಾಲ್ಟಿಯಿಂದ ಇನ್ನೊಂದು ಗೋಲು ಹೊಡೆದರು. ಪುಣೆಯ ಜೊನಾಟನ್ ಲುಕ್ಕಾ ಫ್ರೀ ಕಿಕ್‌ನಿಂದ ಒಂದನ್ನು ತೀರಿಸಿದರು. ಆಟ ಮುಗಿಯುವ ಹೊತ್ತಿಗೆ ಛೆಟ್ರಿಯವರದೇ ಮೂರನೆಯದು. ಒಬ್ಬನೇ ಹೊಡೆದ ಮೂರು ಗೋಲಿಗೆ ಹ್ಯಾಟ್ರಿಕ್ ಎನ್ನುತ್ತಾರೆ. 3–1. ತಲೆಯ ಗೋಲು, ಪೆನಾಲ್ಟಿ, ಫ್ರೀ ಕಿಕ್, ಹ್ಯಾಟ್ರಿಕ್ ಎಲ್ಲ ಒಂದೇ ಸಂಜೆಗೆ! ಫೈನಲ್‌ನಲ್ಲಿ ಬೆಂಗಳೂರು ತನ್ನ ಊರಿನಲ್ಲೇ ಚೆನ್ನೈಯಿನ್ ತಂಡಕ್ಕೆ 2–3ರಿಂದ ಸೋತಿತು ಎಂಬುದು ಬೇರೆ ಮಾತು.

ಪುಣೆಯಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ ಆಡಿ, ಬೀದಿಯಲ್ಲಿ ಮರಾಠಿ ಆಡಿ ಬೆಳೆದ ನೀವು ಆ ದಿನ ಯಾರ ಕಡೆ? 'ನೀನು ನಮ್ಮವನೋ ಅವರವನೋ' ಎಂಬ ಪ್ರಶ್ನೆಯನ್ನು ನೀವು ಶಾಲೆಯಲ್ಲಿ ಒಂದು ಬಗೆಯಲ್ಲಿ, ಊರಿಗೆ ಹೋದಾಗ ನೆಂಟರ ಮನೆಯಲ್ಲಿ ಇನ್ನೊಂದು ಬಗೆಯಲ್ಲಿ ಕೇಳಿಸಿಕೊಂಡಿರುತ್ತೀರಿ. ಪುಣೆಯ ಕಡೆ ಎಂದರೆ ಕನ್ನಡಕ್ಕೆ ದ್ರೋಹವಲ್ಲ, ಬೆಂಗಳೂರಿನ ಕಡೆ ಎಂದರೆ ಪುಣೆಯ ಋಣ ಮರೆತಂತೆಯೂ ಅಲ್ಲ. ಮೂರು ಗೋಲು ಹೊಡೆದ ಛೆಟ್ರಿಯವರನ್ನೇ ನೋಡಿ. ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ನೇಪಾಳಿ ಮೂಲದ ಮನೆತನದಲ್ಲಿ. ದೊಡ್ಡ ಕ್ಲಬ್ಬಿನ ಆಟ ಶುರುವಾದದ್ದು ಕೋಲ್ಕತ್ತದ ಮೋಹನ್ ಬಗಾನಿನಲ್ಲಿ. 2013ರಲ್ಲಿ ಬೆಂಗಳೂರಿಗೆ ಬಂದು ಆ ಊರಿನ ಕಣ್ಮಣಿಯಾದರು. ಕಂಠೀರವದ ಜನ ಅವರ ಮನೆಮಾತು ಯಾವುದೆಂದು ವಿಚಾರಿಸಲಿಲ್ಲ. ನಮ್ಮ ತಂಡಕ್ಕಾಗಿ ಓಡುತ್ತಾನೆಯೇ ಎಂದು ನೋಡಿದರು, ಅಷ್ಟೇ.

ನಮ್ಮ ಹಿರಿಯರ ಬರಿಗಾಲು

ಫುಟ್‌ಬಾಲ್ ಟಿ.ವಿ.ಯ ಜೊತೆ ವಿದೇಶದಿಂದ ಬಂದ ಹೊಸ ಹುಚ್ಚು ಎಂದು ಮನೆಯಲ್ಲಿ ಯಾರಾದರೂ ಅಂದರೆ ಅವರಿಗೆ ಈ ಮಾತು ಹೇಳಿ. ಬ್ರಿಟಿಷರ ದಂಡು ಇದ್ದಲ್ಲೆಲ್ಲ ಈ ಆಟ ಬೇರೂರಿತು. ಬೆಂಗಳೂರಿನ ದಂಡು ಪ್ರದೇಶ ಅಂಥದೊಂದು ನೆಲೆ. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾಗಿ ದಶಕಗಳ ಕಾಲ ಗೋರಾ ಪಲ್ಟನ್ನುಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಅವರೇ ಗೆದ್ದರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು 1–2ರಿಂದ ಸೋತರೂ ಲಂಡನ್ನಿನ ಜನ ಬೆರಗಾದರು. ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದಲ್ಲಿ ಅವರು, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಈ ಐವರನ್ನು ಜನ 'ಪಂಚಪಾಂಡವರು' ಎಂದೇ ಕರೆದರು. ದಕ್ಷಿಣದಿಂದ ಹೋದ ಐವರು, ಗೊತ್ತಿಲ್ಲದ ಭಾಷೆಯ ಊರು, 1949ರಿಂದ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್. ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಚೆಂಡು ಸಾಗಿಸುವುದರಲ್ಲಿ ಐವರಿಗೂ ಒಂದೇ ಮನಸ್ಸು. ಬಂಗಾಳದ ಜನ ಅವರನ್ನು ಮಹಾಭಾರತದ ಹೆಸರಿಟ್ಟು ತಮ್ಮವರಾಗಿಸಿಕೊಂಡರು.

ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968–69ರಲ್ಲಿ. ಆಮೇಲೆ ದೀರ್ಘ ಬರಗಾಲ. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ 54 ವರ್ಷಗಳ ಕಾಯುವಿಕೆ ಮುಗಿಯಿತು.

ತಂಡ ಹೋದರೂ ಮೈದಾನ ಇದೆ

ನಮ್ಮ ಪುಣೆಯ ಕಥೆ ಸ್ವಲ್ಪ ಬೇಸರದ್ದು. 2007ರಲ್ಲಿ ಹುಟ್ಟಿದ ಪುಣೆ ಎಫ್‌ಸಿ 2012–13ರ ಐ-ಲೀಗಿನಲ್ಲಿ ಎರಡನೆಯ ಸ್ಥಾನ ಗಳಿಸಿತು. 2014–15ರ ಋತುವಿನ ನಂತರ ಅದರ ಹಿರಿಯರ ತಂಡ ಕಣದಿಂದ ಮರೆಯಾಯಿತು. ಸೆಮಿಫೈನಲ್ ಆಡಿದ ಎಫ್‌ಸಿ ಪುಣೆ ಸಿಟಿ ಮರುವರ್ಷ, 2019ರಲ್ಲಿ, ಮುಚ್ಚಿಹೋಗಿ ಅದರ ಜಾಗಕ್ಕೆ ಹೈದರಾಬಾದ್ ತಂಡ ಬಂತು. ಬಾಲೇವಾಡಿಯಲ್ಲಿ ಕಿತ್ತಳೆ ಬಣ್ಣದ ಬಾವುಟ ಬೀಸಿದ ಹುಡುಗರಿಗೆ ಒಂದೇ ವರ್ಷದಲ್ಲಿ ಬೆಂಬಲಿಸಲು ತಂಡವೇ ಇಲ್ಲವಾಯಿತು. ದುಡ್ಡು ತಂದ ತಂಡ ದುಡ್ಡಿನ ಜೊತೆಗೇ ಹೋಗಬಹುದು. ಸಂಜೆ ಐದಕ್ಕೆ ಮೈದಾನಕ್ಕೆ ಬರುವ ಹುಡುಗ ಹುಡುಗಿಯರನ್ನು ಹಾಗೆ ಮುಚ್ಚಲು ಬರುವುದಿಲ್ಲ.

ಹುಡುಗಿಯರು ಎಂದೆ. ಇದು ಗಂಡುಮಕ್ಕಳ ಆಟ ಎಂದು ಯಾರಾದರೂ ತಡೆದರೆ, ಅದೇ ಬಾಲೇವಾಡಿಯಲ್ಲಿ 2022ರ ಫೆಬ್ರವರಿಯಲ್ಲಿ ಮಹಿಳೆಯರ ಏಷ್ಯಾ ಕಪ್ಪಿನ ಸೆಮಿಫೈನಲ್‌ಗಳು ನಡೆದದ್ದನ್ನು ನೆನಪಿಸಿ. ಚೀನಾ ಮತ್ತು ಜಪಾನ್ ನಡುವೆ 30 ನಿಮಿಷದ ಹೆಚ್ಚುವರಿ ಆಟ ಮುಗಿದರೂ 2–2. ಆಗ ಬರುವುದೇ ಪೆನಾಲ್ಟಿ ಶೂಟೌಟ್: ಎರಡೂ ಕಡೆ ಐದೈದು ಒದೆತ. ಅದರಲ್ಲಿ ಚೀನಾ ಗೆದ್ದಿತು, ಮುಂದೆ ಕಪ್ಪನ್ನೂ ಗೆದ್ದಿತು.

ಈಗ ಅಭ್ಯಾಸದ ಮಾತು. ದೊಡ್ಡ ಮೈದಾನ ಬೇಕಿಲ್ಲ, 11 ಜನವೂ ಬೇಕಿಲ್ಲ. ಐದೈದು ಜನ ಸಾಕು; ಗೋಲಿನ ಕಂಬಗಳಿಗೆ ಎರಡು ಜೊತೆ ಚಪ್ಪಲಿ ಸಾಕು.

ಒಂದು: ಪಾದದ ಒಳಬದಿಯಿಂದ ಚೆಂಡು ಕೊಡುವುದನ್ನು ಕಲಿಯಿರಿ. ಸೊಸೈಟಿಯ ಒಂದು ಗೋಡೆಯೇ ಒಳ್ಳೆಯ ಗುರು, ಎಷ್ಟು ನೇರ ಕೊಟ್ಟಿರೋ ಅಷ್ಟೇ ನೇರ ಹಿಂದಿರುಗಿಸುತ್ತದೆ. ಎರಡು: ಬಂದ ಚೆಂಡನ್ನು ಮೆತ್ತಗೆ ಹಿಡಿಯಿರಿ. ತಾಗುವ ಕ್ಷಣದಲ್ಲಿ ಪಾದವನ್ನು ತುಸು ಹಿಂದಕ್ಕೆ ಎಳೆದುಕೊಂಡರೆ ಚೆಂಡು ಕಾಲಬುಡದಲ್ಲೇ ನಿಲ್ಲುತ್ತದೆ. ಮೂರು: ಎರಡೂ ಕಾಲುಗಳಿಗೆ ಸಮ ಅಭ್ಯಾಸ ಕೊಡಿ. ನಾಲ್ಕು: ಚೆಂಡು ಬರುವ ಮೊದಲೇ ತಲೆಯೆತ್ತಿ ಸುತ್ತ ನೋಡಿ, ಯಾರಿಗೆ ಕೊಡುವುದೆಂದು ಆಗಲೇ ಗೊತ್ತಿರಬೇಕು. ಐದು: ಕೊಟ್ಟ ಮೇಲೆ ನಿಲ್ಲಬೇಡಿ, ಓಡಿ. ಚಿಕ್ಕ ಮಕ್ಕಳಿಗೆ ತಲೆಯಿಂದ ಹೊಡೆಯುವ ಅಭ್ಯಾಸ ಬೇಡ. ಮೆದುಳಿಗೆ ಪೆಟ್ಟಾದೀತೆಂದು ಇಂಗ್ಲೆಂಡ್, ಅಮೆರಿಕಗಳಲ್ಲೂ ಅದಕ್ಕೆ ಕಡಿವಾಣ ಹಾಕಿದ್ದಾರೆ.

ಇಷ್ಟು ಕಲಿತರೆ ನಿಮಗೆ ಸಿಗುವುದು ಬರೀ ಆಟವಲ್ಲ. ಮನೆ ಬದಲಾಯಿಸಿ ಹೊಸ ಬಡಾವಣೆಗೆ ಹೋದಾಗ, ಓದಲು ಬೇರೆ ಊರಿಗೆ ಹೋದಾಗ, ಮೈದಾನದ ಅಂಚಿನಲ್ಲಿ ನಿಂತ ಹೊಸಬನಿಗೆ 'ಆಡ್ತೀಯಾ?' ಎಂಬ ಒಂದೇ ಮಾತು ಸಾಕು. ಆ ಮಾತು ಮರಾಠಿಯಲ್ಲಿ ಬಂದರೂ ಸರಿ, ಹಿಂದಿಯಲ್ಲಿ ಬಂದರೂ ಸರಿ. ಒಳಗೆ ಹೋದ ಮೇಲೆ ಒಳ್ಳೆಯ ಜಾಗದಲ್ಲಿ ನಿಂತವನಿಗೆ ಚೆಂಡು ತಾನಾಗಿ ಬರುತ್ತದೆ. ಮುಂದೊಂದು ದಿನ ಅಂಚಿನಲ್ಲಿ ಇನ್ನೊಬ್ಬ ಹೊಸಬ ನಿಂತಿರುತ್ತಾನೆ. ಅವನನ್ನು ಒಳಗೆ ಕರೆಯುವ ಸರದಿ ಆಗ ನಿಮ್ಮದು.

ಹಾಗಾದರೆ ಈ ಭಾನುವಾರ ಬೆಳಿಗ್ಗೆ ಟಿ.ವಿ. ಆರಿಸಿ, ಬೂಟು ಕಟ್ಟಿ. ಮಳೆ ಬಂದರೂ ಚಿಂತೆಯಿಲ್ಲ, ಈ ಆಟಕ್ಕೆ ಮಳೆಯ ರಜೆ ಕಡಿಮೆ. ನಿಮ್ಮ ಐವರ ತಂಡ ಕಟ್ಟಿದರೆ ನಮಗೂ ಎರಡು ಸಾಲು ಬರೆದು ತಿಳಿಸಿ, ಕನ್ನಡದಲ್ಲೇ. ಕಾಗುಣಿತ ತಪ್ಪಾದರೆ ಅದಕ್ಕೆ ಹಳದಿ ಕಾರ್ಡು ತೋರಿಸುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.